ಮುಂಗಡಕ್ಕೂ ಮುನ್ನ



ಆಷಾಢದಲ್ಲಿ ಗೃಹ ಮೇಳ ಮಾಡುತ್ತಿದ್ದೇವೆ, ಉದ್ಘಾಟನೆಗೆ ನೀವು ಬರಬೇಕು ಎಂದು ಸಂಘಟಕರು ಫೋನ್ ಮಾಡಿದಾಗ ನನಗೆ ನಗು ಬಂತು. ಮೈಸೂರಿನವರಿಗೆ ಆಷಾಢವೆಂದರೆ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗುವ ತಿಂಗಳು. ಯಾರೂ ಮುಂಗಡ ಕೊಡುವುದಿಲ್ಲ, ಗೃಹಪ್ರವೇಶದ ಮಾತೇ ಇಲ್ಲ. ಆಮೇಲೆ ಯೋಚನೆ ಮಾಡಿದರೆ ಮನೆ ವ್ಯವಹಾರಕ್ಕೆ ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ ಅನ್ನಿಸಿತು. ದುಡ್ಡು ಕೈಬಿಟ್ಟು ಹೋಗುವ ಭಯವಿಲ್ಲ, ಕಾಗದ ಪತ್ರ ನೋಡಲು ಬೇಕಾದಷ್ಟು ಪುರುಸೊತ್ತು.

ನಾನು ವಕೀಲ. ಗೃಹಸಾಲ ಮಂಜೂರು ಮಾಡುವ ಮುಂಚೆ ಬ್ಯಾಂಕುಗಳು ಕಳಿಸುವ ಆಸ್ತಿ ಪತ್ರಗಳನ್ನು ಓದಿ ಅಭಿಪ್ರಾಯ ಬರೆದುಕೊಡುವುದು ನನ್ನ ಕಸುಬು. ಫೈಲು ನನ್ನ ಮೇಜಿಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಮುಂಗಡ ಕೊಟ್ಟಾಗಿರುತ್ತದೆ, ಬೀಗರಿಗೆಲ್ಲ ಹೇಳಿಯಾಗಿರುತ್ತದೆ, ವಾಸ್ತುವಿನವರು ಈಶಾನ್ಯ ಮೂಲೆ ನೋಡಿ ಹೋಗಿರುತ್ತಾರೆ. ಆಮೇಲೆ ಬಂದು ‘ಪತ್ರ ಎಲ್ಲಾ ಸರಿಯಿದೆಯಲ್ವಾ ಸಾರ್?’ ಎಂದು ಕೇಳುತ್ತಾರೆ. ಸರಿಯಿಲ್ಲ ಎಂದರೆ ನನ್ನ ಮೇಲೇ ಸಿಟ್ಟು. ಅದಕ್ಕೇ ಇವತ್ತು ನಾನು ಹೇಳಲು ಬಂದಿರುವುದು ಒಂದೇ ಮಾತು: ಕಾಗದ ನೋಡುವ ಕೆಲಸ ಮುಂಗಡಕ್ಕೂ ಮುಂಚೆ ಮುಗಿಯಬೇಕು. ಇದು ಕೊಳ್ಳುವವರಿಗೆ ಎಷ್ಟು ಅನ್ವಯಿಸುತ್ತದೋ ಮಾರುವವರಿಗೂ ಅಷ್ಟೇ.

ಇಸಿ ವಿಚಾರದಿಂದಲೇ ಶುರು ಮಾಡೋಣ. ಋಣಭಾರ ಪ್ರಮಾಣಪತ್ರ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಇಸಿ ಎಂದರೆ ಎಲ್ಲರಿಗೂ ಗೊತ್ತು. ನಾವು ಕೇಳಿದ ಅವಧಿಯಲ್ಲಿ ಆ ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನ, ದಾನ, ವಿಭಾಗ ಇದ್ದರೆ ನಮೂನೆ 15ರಲ್ಲಿ ಪಟ್ಟಿಯಾಗಿ ಬರುತ್ತದೆ. ಏನೂ ಇಲ್ಲದಿದ್ದರೆ ನಮೂನೆ 16. ಈ 16 ಕೈಗೆ ಬಂದರೆ ಜನ ದೇವರ ಪ್ರಸಾದ ಬಂದಷ್ಟು ಸಂತೋಷಪಡುತ್ತಾರೆ. ಸ್ವಲ್ಪ ತಡೆಯಿರಿ. ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಛಾಪಾ ಕಾಗದದ ಮೇಲೆ ಬರೆದು, ನೋಂದಣಿ ಮಾಡಿಸದೆ ಬೀರುವಿನಲ್ಲಿಟ್ಟ ಕರಾರು ಕಾಣುವುದಿಲ್ಲ. ಅಪ್ಪ ಬರೆದಿಟ್ಟ ಉಯಿಲು ಕಾಣುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಒಂದೇ ಜಾಗಕ್ಕೆ ಹಿಂದೆ ಸರ್ವೆ ನಂಬರು, ಬಡಾವಣೆಯಾದಾಗ ಸೈಟ್ ನಂಬರು, ಈಗ ಪಾಲಿಕೆಯ ಮನೆ ನಂಬರು. ಹೊಸ ನಂಬರು ಕೊಟ್ಟು ಹುಡುಕಿಸಿದರೆ ಹಳೆಯ ನಂಬರಿನಲ್ಲಿ ಆದ ಅಡಮಾನ ಕಣ್ಣಿಗೆ ಬೀಳದೆ ಹೋಗಬಹುದು. ಮನೆಯಲ್ಲೇ ಕೂತು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ತೆಗೆಯುವ ಇಸಿ ಸಾಮಾನ್ಯವಾಗಿ 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದು ಬೇಕೆಂದರೆ ಉಪನೋಂದಣಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತಬೇಕು. ಬ್ಯಾಂಕಿನವರು 30 ವರ್ಷದ ದಾಖಲೆ ಕೇಳಿದರೆ ಗೊಣಗಬೇಡಿ. ಅವರ ದುಡ್ಡಿನ ಜೊತೆಗೆ ನಿಮ್ಮದೂ ಅಲ್ಲಿದೆ.

ಖಾತೆ ಇದೆಯಲ್ಲ, ಸಾಕು ಎನ್ನುತ್ತಾರೆ ಕೆಲವರು. ಈಗ ಇ-ಖಾತಾ ಇಲ್ಲದೆ ನೋಂದಣಿ ಮುಂದಕ್ಕೆ ಹೋಗುವುದಿಲ್ಲ ಎನ್ನುವುದು ನಿಜ. ಆದರೂ ಖಾತೆ ಹೇಳುವುದು ಕಂದಾಯ ಯಾರು ಕಟ್ಟಬೇಕು ಎಂಬುದನ್ನು ಮಾತ್ರ. ಮನೆ ಯಾರದ್ದು ಎಂದು ಹೇಳುವುದು ಮೂಲಪತ್ರ, ಅದರಿಂದ ಕೈಬದಲಾಗಿ ಬಂದ ಪತ್ರಗಳ ಸರಪಣಿ, ಮತ್ತು ವಂಶವೃಕ್ಷ.

ವಂಶವೃಕ್ಷದ ವಿಷಯದಲ್ಲಿ ನನ್ನ ಕಚೇರಿಗೆ ಬಂದ ಒಂದು ಫೈಲು ನೆನಪಾಗುತ್ತದೆ. ಊರಿನ ಹಳೆಯ ಬಡಾವಣೆಯೊಂದರ ಮನೆ. ತಂದೆ ತಮ್ಮ ಸಂಬಳದಲ್ಲಿ ಕಟ್ಟಿಸಿದ್ದು. ಉಯಿಲು ಬರೆಯದೆ ತೀರಿಕೊಂಡರು. ಖಾತೆ ದೊಡ್ಡ ಮಗನ ಹೆಸರಿಗೆ ಆಯಿತು. ಅಣ್ಣ ತಮ್ಮ ಸೇರಿ ಕರಾರು ಬರೆದುಕೊಟ್ಟು ಮುಂಗಡ ಪಡೆದರು. ಫೈಲಿನಲ್ಲಿ ಅವರ ತಾಯಿಯ ಮರಣ ಪ್ರಮಾಣಪತ್ರ ಇತ್ತು, ಹೆಣ್ಣುಮಕ್ಕಳ ಹೆಸರೇ ಇರಲಿಲ್ಲ. ಕೇಳಿದರೆ, ‘ಇಬ್ಬರು ತಂಗಿಯರಿದ್ದಾರೆ ಸಾರ್, ಮದುವೆಯಾಗಿ ಹೋಗಿದ್ದಾರೆ’ ಎಂಬ ಉತ್ತರ. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಲ್ಲೇ ಹೇಳಿದೆ. ಪಿತ್ರಾರ್ಜಿತದಲ್ಲೂ ಸಮಪಾಲು ಎಂದು 2005ರ ತಿದ್ದುಪಡಿ ಹೇಳಿತು, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉಳಿದಿದ್ದ ಗೊಂದಲವನ್ನೂ ತೀರಿಸಿತು. ಕೊನೆಗೆ ತಂಗಿಯರಿಗೆ ಸುದ್ದಿ ತಲುಪಿದ್ದು ಬೇರೆಯವರ ಬಾಯಿಂದ. ಶಿವಮೊಗ್ಗದಲ್ಲಿದ್ದ ಚಿಕ್ಕವರು ಫೋನಿನಲ್ಲಿ ಅಂದರು: ‘ನನಗೆ ದುಡ್ಡು ಬೇಕಿರಲಿಲ್ಲ. ಅಣ್ಣ ಒಂದು ಮಾತು ಕೇಳಿದ್ದರೆ ಬಂದು ಸಹಿ ಹಾಕಿ ಹೋಗುತ್ತಿದ್ದೆ. ಈಗ ಹಾಕಲ್ಲ.’ ವ್ಯಾಪಾರ ಮುರಿದುಬಿತ್ತು. ಮುಂಗಡದ ಹಣ ಆಗಲೇ ಖರ್ಚಾಗಿತ್ತು.

ಇದರಲ್ಲಿ ಕೊಳ್ಳುವವರ ತಪ್ಪಿಗಿಂತ ಮಾರುವವರ ತಪ್ಪೇ ದೊಡ್ಡದು ಎಂದು ನಾನು ಎಣಿಸುತ್ತೇನೆ. ಮನೆ ಮಾರುತ್ತೇವೆ ಎಂದು ದಲ್ಲಾಳಿಗೆ ಹೇಳುವ ಮುಂಚೆ ಅಕ್ಕತಂಗಿಯರಿಗೆ ಹೇಳಿ. ಹಕ್ಕು ಖುಲಾಸೆ ಪತ್ರವೋ ವಿಭಾಗ ಪತ್ರವೋ ಮಾಡಿಸಿ ನೋಂದಣಿ ಮಾಡಿಸಿಕೊಳ್ಳಿ. ಸಾಲ ತೀರಿಸಿದ್ದರೆ ಬ್ಯಾಂಕಿನಿಂದ ಮೂಲಪತ್ರಗಳನ್ನು ಬಿಡಿಸಿಕೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಪತ್ರ ಹಿಂದಿರುಗಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶ ಮಾಡಿದೆ. ಗೋಡೆಗೆ ಬಣ್ಣ ಹೊಡೆಸುವುದಕ್ಕಿಂತ ಹೀಗೆ ಜೋಡಿಸಿಟ್ಟ ಪತ್ರಗಳ ಫೈಲು ನಿಮಗೆ ಹೆಚ್ಚು ಬೆಲೆ ತಂದುಕೊಡುತ್ತದೆ. ಪತ್ರ ಅರೆಬರೆಯಿದ್ದವರ ಹತ್ತಿರ ಚೌಕಾಸಿ ಮಾಡುವುದು ಸುಲಭ, ದಲ್ಲಾಳಿಗಳಿಗೆ ಅದು ಚೆನ್ನಾಗಿ ಗೊತ್ತು.

ಕೊಳ್ಳುವವರು ಒಂದು ಟೇಪು ಹಿಡಿದು ಹೋಗಿ. ಪತ್ರದಲ್ಲಿ 30-40 ಅಡಿ ಎಂದಿರುತ್ತದೆ, ಅಳೆದರೆ ಒಂದು ಬದಿಯಲ್ಲಿ ಇಪ್ಪತ್ತೆಂಟೂವರೆ. ಉಳಿದದ್ದು ಪಕ್ಕದವರ ಕಾಂಪೌಂಡಿನ ಒಳಗೋ ಚರಂಡಿಯ ಮೇಲೋ ಇರುತ್ತದೆ. ಚಕ್ಕುಬಂದಿಯನ್ನು ಕೈಯಲ್ಲಿ ಹಿಡಿದು ನಾಲ್ಕೂ ದಿಕ್ಕಿಗೆ ತಿರುಗಿ ನಿಂತು ಓದಿ. ಪೂರ್ವಕ್ಕೆ ರಸ್ತೆ ಎಂದು ಬರೆದಿದ್ದರೆ ಪೂರ್ವದಲ್ಲಿ ರಸ್ತೆ ಇರಬೇಕು. ಮನೆಯೊಳಗೆ ಯಾರಿದ್ದಾರೆ ಎಂದು ಬಾಗಿಲು ತಟ್ಟಿ ಕೇಳಿ. ನಮ್ಮಲ್ಲಿ ಭೋಗ್ಯಕ್ಕೆ ಕೊಡುವ ರೂಢಿ ಉಂಟು. ಹತ್ತು ಹದಿನೈದು ಲಕ್ಷ ಕೊಟ್ಟು ಕೂತವರಿಗೆ ಆ ದುಡ್ಡು ವಾಪಸ್ ಕೊಡುವವರು ಯಾರು ಎನ್ನುವುದು ಕರಾರಿನಲ್ಲೇ ಬರೆಯಬೇಕು. ರಿಂಗ್ ರಸ್ತೆಯ ಆಚೆಯ ಖಾಸಗಿ ಬಡಾವಣೆಯಾದರೆ ಎದುರು ಮನೆಯ ಹೆಂಗಸರನ್ನು ವಿಚಾರಿಸಿ: ನೀರು ಬೋರಿನದೋ ಕಾವೇರಿಯದೋ, ಒಳಚರಂಡಿ ಎಲ್ಲಿಗೆ ಹೋಗುತ್ತದೆ. ಬ್ರೋಷರ್‌ನಲ್ಲಿ ಇಲ್ಲದ್ದು ಅವರಿಂದ ಸಿಗುತ್ತದೆ.

ಅಭಿವೃದ್ಧಿ ಪ್ರಾಧಿಕಾರ ಹಂಚಿದ ನಿವೇಶನವಾದರೆ ಗುತ್ತಿಗೆ-ಕ್ರಯದ ಅವಧಿ ಮುಗಿದು ಶುದ್ಧ ಕ್ರಯಪತ್ರ ಆಗಿದೆಯೇ ನೋಡಿ. ಭೂಪರಿವರ್ತನೆ ಆಗದ ರೆವಿನ್ಯೂ ಸೈಟು ಅಗ್ಗ ಎಂಬ ಆಸೆಗೆ ಬೀಳಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನಲ್ಲಿ ಆದ ಬಡಾವಣೆ ಎಂದು ಅನುಮಾನ ಬಂದರೆ, ಅಂಥ ಜಮೀನಿನ ಮಾರಾಟವನ್ನು ನಿರ್ಬಂಧಿಸುವ 1978ರ ಪಿಟಿಸಿಎಲ್ ಕಾಯ್ದೆ ನೆನಪಿರಲಿ. ಬರೀ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರದ ಮೇಲೆ ಮಾರುತ್ತೇವೆ ಎಂದರೆ ಎದ್ದು ಬನ್ನಿ. ಅದರಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಈಗ ಇಲ್ಲಿನ ಮಳಿಗೆಗಳ ಕಡೆ ಬರೋಣ. ಸಂಘಟಕರು ಮುನಿಸಿಕೊಳ್ಳಬಾರದು. ‘ಇವತ್ತೇ ಬುಕ್ ಮಾಡಿದರೆ ಚಿನ್ನದ ನಾಣ್ಯ’ ಎಂಬ ಬೋರ್ಡೊಂದನ್ನು ಬರುವಾಗ ನೋಡಿದೆ. ನಾಣ್ಯ ಚೆನ್ನಾಗಿದೆ, ಆದರೆ ಮೊದಲು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ನಂಬರು ಕೇಳಿ, ಅದರ ವೆಬ್‌ಸೈಟಿನಲ್ಲಿ ತಾಳೆ ನೋಡಿ. ಜಾಗ 500 ಚದರ ಮೀಟರಿಗಿಂತ ಹೆಚ್ಚಿದ್ದು ಎಂಟಕ್ಕಿಂತ ಹೆಚ್ಚು ಮನೆಗಳಿದ್ದರೆ ನೋಂದಣಿ ಕಡ್ಡಾಯ. ಕರಾರು ನೋಂದಣಿಯಾಗುವವರೆಗೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಬೆಲೆಯನ್ನು ಕಾರ್ಪೆಟ್ ಏರಿಯಾದ ಲೆಕ್ಕದಲ್ಲಿ ಹೇಳಿಸಿ. ಸೂಪರ್ ಬಿಲ್ಟಪ್‌ನಲ್ಲಿ ಮೆಟ್ಟಿಲು, ಲಾಬಿ, ಲಿಫ್ಟಿನ ಜಾಗವೂ ನಿಮ್ಮ ಮಲಗುವ ಕೋಣೆಯ ಜೊತೆ ಸೇರಿಕೊಂಡಿರುತ್ತದೆ. ಸ್ವಾಧೀನಕ್ಕೆ ಬಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಸರಿಪಡಿಸಿಕೊಡುವುದು ಬಿಲ್ಡರ್ ಹೊಣೆ. ಒಳ್ಳೆಯ ಬಿಲ್ಡರುಗಳು ಈ ಪ್ರಶ್ನೆಗಳಿಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಖರ್ಚಿನ ಲೆಕ್ಕ ಮೊದಲೇ ಹಾಕಿ. 60 ಲಕ್ಷದ ಮನೆಗೆ ಈಗಿನ ದರದಲ್ಲಿ ಮುದ್ರಾಂಕ ಶುಲ್ಕ ಶೇ 5, ಅಂದರೆ 3 ಲಕ್ಷ. ಅದರ ಮೇಲೆ ಸೆಸ್ 30,000, ಸರ್ಚಾರ್ಜ್ 6,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ, ಅದು 1,20,000. ಒಟ್ಟು 4,56,000 ರೂಪಾಯಿ. ಇದಕ್ಕೆ ಬ್ಯಾಂಕು ಸಾಲ ಕೊಡುತ್ತದೆ ಎಂದುಕೊಂಡು ಕೊನೆಯ ವಾರದಲ್ಲಿ ಒಡವೆ ಅಡವಿಟ್ಟವರನ್ನು ಕಂಡಿದ್ದೇನೆ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಜವಾಬ್ದಾರಿ. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಆ ದರ ಬಹಳ ಹೆಚ್ಚು, ಆಡಿಟರನ್ನು ಕೇಳದೆ ಮುಟ್ಟಬೇಡಿ.

‘ಅರ್ಧ ಚೆಕ್ಕು, ಅರ್ಧ ಕ್ಯಾಷ್’ ಎನ್ನುವವರು ಇನ್ನೂ ಇದ್ದಾರೆ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಳ್ಳುವವರಿಗೂ ಲಾಭವೇನಿಲ್ಲ. ಪತ್ರದಲ್ಲಿ ಕಡಿಮೆ ಬೆಲೆ ಬರೆಸಿಕೊಂಡವರಿಗೆ ಮುಂದೆ ಅದೇ ಮನೆ ಮಾರುವಾಗ ಲಾಭ ದೊಡ್ಡದಾಗಿ ಕಂಡು ತೆರಿಗೆಯೂ ದೊಡ್ಡದಾಗುತ್ತದೆ.

ಬ್ಯಾಂಕಿನ ಮಳಿಗೆಗಳು ಎಡಗಡೆ ಸಾಲಿನಲ್ಲಿವೆ. ಸಾಲ ಬೇಡದಿದ್ದರೂ ಹೋಗಿ, ಅವರು ಯಾವ ಯಾವ ಪತ್ರ ಕೇಳುತ್ತಾರೆ ಎಂಬ ಪಟ್ಟಿ ಈಸಿಕೊಳ್ಳಿ. ಮಾರುವವರು ಆ ಪಟ್ಟಿ ಇಟ್ಟುಕೊಂಡು ತಮ್ಮ ಫೈಲು ಜೋಡಿಸಲಿ, ಕೊಳ್ಳುವವರು ಅದನ್ನೇ ಹಿಡಿದು ಕೇಳಲಿ. ಮಧ್ಯಾಹ್ನದವರೆಗೆ ನಾನೂ ಇಲ್ಲೇ ಇರುತ್ತೇನೆ, ಪತ್ರಗಳ ನಕಲು ತಂದವರು ತೋರಿಸಬಹುದು, ಇವತ್ತು ಫೀಸಿಲ್ಲ. ಮೇಳ ಉದ್ಘಾಟನೆಯಾಗಿದೆ.