ಬರಿಗೈಯಲ್ಲಿ ಬಂದೆ ಎಂದ ಅತ್ತೆ



ಸತ್ಯವೇದದಿಂದ ಕುಟುಂಬಕ್ಕೆ ಬೇಕಾದ ಒಂದು ಪಾಠ ಹೇಳಿ ಎಂದು ಅಧ್ಯಕ್ಷೆಯವರು ಕೇಳಿದಾಗ ಹೆದರಿದೆ. ನಾನು ಉಪದೇಶ ಮಾಡುವವಳಲ್ಲ. ಹುಬ್ಬಳ್ಳಿಯಿಂದ ಮದುವೆಯಾಗಿ ಪುಣೆಗೆ ಬಂದು 38 ವರ್ಷವಾಯಿತು, ಅಡುಗೆಮನೆಯಲ್ಲೇ ಹೆಚ್ಚು ಮಾತಾಡಿದವಳು. ಆದರೆ ಅತ್ತೆ-ಸೊಸೆಯ ಕಥೆ ಎಂದರೆ ಯಾವ ಧರ್ಮದವರ ಕಿವಿಯೂ ನೆಟ್ಟಗಾಗುತ್ತದಲ್ಲ, ಅದನ್ನೇ ಆರಿಸಿಕೊಂಡಿದ್ದೇನೆ.

ಹಳೆಯ ಒಡಂಬಡಿಕೆಯಲ್ಲಿ 'ರೂತಳು' ಎಂಬ ಪುಟ್ಟ ಪುಸ್ತಕವಿದೆ. ನಾಲ್ಕೇ ಅಧ್ಯಾಯ. ಬೆತ್ಲೆಹೇಮಿನಲ್ಲಿ ಬರ ಬಿದ್ದಾಗ ನೊವೊಮಿ ಎಂಬಾಕೆ ಗಂಡ, ಇಬ್ಬರು ಗಂಡುಮಕ್ಕಳ ಜೊತೆ ಮೋವಾಬ್ ದೇಶಕ್ಕೆ ಹೋಗುತ್ತಾಳೆ. ಹೊಟ್ಟೆಪಾಡಿಗೆ ಊರು ಬಿಟ್ಟವರು, ನಮ್ಮ ಹಾಗೆಯೇ. ಅಲ್ಲಿ ಗಂಡ ತೀರಿಕೊಂಡ. ಮಕ್ಕಳು ಅಲ್ಲಿಯ ಹುಡುಗಿಯರನ್ನೇ ಮದುವೆಯಾದರು, ಸುಮಾರು ಹತ್ತು ವರ್ಷದಲ್ಲಿ ಅವರೂ ಹೋದರು. ಊರಿಗೆ ಹೊರಟ ನೊವೊಮಿ ಸೊಸೆಯರಿಗೆ, ನೀವು ತವರಿಗೆ ಹೋಗಿ ಎಂದಳು. ಒರ್ಫಾ ಅಳುತ್ತಲೇ ಹಿಂದಿರುಗಿದಳು. ಅವಳನ್ನು ಬೈಯುವ ಪ್ರಸಂಗಗಳನ್ನು ಕೇಳಿದ್ದೇನೆ. ಪುಸ್ತಕ ಬೈದಿಲ್ಲ. ಅತ್ತೆಯ ಮಾತನ್ನೇ ಕೇಳಿದಳು, ಪಾಪ! ರೂತಳು ಮಾತ್ರ ಅತ್ತೆಯನ್ನು ಬಿಡಲಿಲ್ಲ.

ರೂತಳ ನಿಷ್ಠೆಯನ್ನು ಎಲ್ಲರೂ ಹೊಗಳುತ್ತಾರೆ. ನನ್ನನ್ನು ಕಾಡುವುದು ಅದರ ಮುಂದಿನದು. ಬೆತ್ಲೆಹೇಮಿನ ಹೆಂಗಸರು ಗುರುತು ಹಿಡಿದು ಬೆರಗಾದಾಗ ನೊವೊಮಿ, ನನ್ನನ್ನು ಆ ಹೆಸರಿನಿಂದ ಕರೆಯಬೇಡಿ ಎನ್ನುತ್ತಾಳೆ. ನೊವೊಮಿ ಎಂದರೆ ಹಿತವಾದವಳು, ಈಗ ತನ್ನದು ಕಹಿಯ ಬದುಕು. ತುಂಬಿಕೊಂಡು ಹೋಗಿದ್ದೆ, ದೇವರು ಬರಿಗೈಯಲ್ಲಿ ಕರೆತಂದ ಎಂದು ದೂರುತ್ತಾಳೆ. ಸೊಸೆ ಪಕ್ಕದಲ್ಲೇ ನಿಂತಿದ್ದಾಳೆ!

ನಮ್ಮನೆಯವರು ತೀರಿಕೊಂಡ ಮರುವಾರ ನಮ್ಮ ಸಂಘದ ನಾಲ್ವರು ಮಾತಾಡಿಸಲು ಬಂದಿದ್ದರು. "ನನಗಿನ್ನು ಯಾರಿದ್ದಾರೆ?" ಎಂದು ಅತ್ತೆ. ನನ್ನ ಸೊಸೆ ಚಹಾದ ಟ್ರೇ ಹಿಡಿದು ಬಾಗಿಲಲ್ಲಿದ್ದಳು. ಮರಾಠಿ ಹುಡುಗಿ, ಅಷ್ಟು ಕನ್ನಡ ಅವಳಿಗೆ ಅರ್ಥವಾಗುತ್ತದೆ. ಟ್ರೇ ಇಟ್ಟು ಒಳಗೆ ಹೋದಳು. ಆ ಮೂರು ತಿಂಗಳು ಆಸ್ಪತ್ರೆಯಲ್ಲಿ ರಾತ್ರಿ ಕಳೆದವಳು ಅವಳೇ.

ರೂತಳೂ ಎದುರು ಮಾತಾಡಲಿಲ್ಲ, ಹೊಲಕ್ಕೆ ಹೋದಳು. ಕೊಯ್ಲಿನಲ್ಲಿ ಉಳಿದ ಹಕ್ಕಲನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕೆಂದು ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ನಿಯಮವಿದೆ. ಇಡೀ ದಿನ ಜವೆಗೋಧಿಯ ಹಕ್ಕಲಾಯ್ದಳು. ಹೊಲದ ಒಡೆಯ ಬೋವಜ ಊಟದ ಹೊತ್ತಿಗೆ ಹುರಿದ ಕಾಳು ಕೊಟ್ಟ. ತಿಂದು ಮಿಕ್ಕಿದ್ದನ್ನು ಅತ್ತೆಗೆಂದು ತೆಗೆದಿಟ್ಟಳು. ಬೋವಜನೊಂದಿಗೆ ಅವಳ ಮದುವೆಯಾದದ್ದು, ದಾವೀದ ಅರಸನ ಅಜ್ಜ ಹುಟ್ಟಿದ್ದು ಎಲ್ಲ ಆಮೇಲಿನ ಮಾತು. ನನಗೆ ಆ ಒಂದು ಹಿಡಿ ಕಾಳೇ ಸಾಕು.

ಒಂದು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಈ ಮೊದಲ ಅಧ್ಯಾಯ ಓದುತ್ತ ಗಂಟಲು ಕಟ್ಟಿತು. "ಪುಢೇ ಕಾಯ್, ಆಯಿ?" ಎಂದು ಸೊಸೆ ಮುಂದಿನದನ್ನು ಕೇಳಿದಳು. ನನ್ನ ಹರಕು ಮರಾಠಿಯಲ್ಲಿ ಕಥೆ ಹೇಳಿ, ಆ ದಿನ ಹಾಗೆ ಅನ್ನಬಾರದಿತ್ತು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಹಾ ಆರಿಹೋಗಿತ್ತು, ಯಾರೂ ಕುಡಿಯಲೇ ಇಲ್ಲ" ಎಂದಳು. ಅಷ್ಟೇ.

ಕೊನೆಯ ಅಧ್ಯಾಯದಲ್ಲಿ ಮಗು ಹುಟ್ಟಿದಾಗ, ಏಳು ಗಂಡುಮಕ್ಕಳಿಗಿಂತ ನಿನ್ನ ಈ ಸೊಸೆ ಹೆಚ್ಚು ಎಂದು ನೊವೊಮಿಗೆ ಹೇಳುವವರು ಊರ ಹೆಂಗಸರು. ನೊವೊಮಿಯ ಬಾಯಲ್ಲಿ ಆ ಮಾತು ಬಂದದ್ದನ್ನು ಪುಸ್ತಕ ಬರೆದಿಲ್ಲ. ಪ್ರತಿ ಸಲ ಓದುವಾಗಲೂ ಹುಡುಕುತ್ತೇನೆ.

ಅಂದು ನಮ್ಮ ಮನೆಗೆ ಬಂದ ನಾಲ್ವರಲ್ಲಿ ಇಬ್ಬರು ಇಲ್ಲಿದ್ದೀರಿ. ನನ್ನ ಸೊಸೆ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಅಂದು ನಾನು ನಿಮ್ಮೆದುರು ಹೇಳಿದ್ದು ಸುಳ್ಳು. ನನಗೆ ಇವಳಿದ್ದಳು.