ಮುಳ್ಳಿಲ್ಲದ ಬಂಗುಡೆ ಕಟ್ಲೆಟ್, ಜೊತೆಗೆ ಏನು?

ಇವತ್ತು ಕೋಡ್ ಬಗ್ಗೆ, ಕೆರಿಯರ್ ಬಗ್ಗೆ ಏನೂ ಇಲ್ಲ. ಬಂಗುಡೆ ಕಟ್ಲೆಟ್ ಬಗ್ಗೆ ಮಾತಾಡ್ತೇನೆ. ನಾನು ಉಡುಪಿ ಕಡೆಯವನು, ಹತ್ತು ವರ್ಷದಿಂದ ಪುಣೆಯಲ್ಲಿದ್ದೇನೆ. ಊರಿನ ನಮ್ಮ ಮನೆಯಲ್ಲಿ ಕಟ್ಲೆಟ್ ಮಾಡಿದ್ದೇ ಇಲ್ಲ. ತಾಜಾ ಬಂಗುಡೆ ಸಿಗುವಾಗ ಅದನ್ನು ಪುಡಿ ಮಾಡಿ ಯಾಕೆ ಹಾಳು ಮಾಡ್ಬೇಕು ಮಾರಾಯಾ ಅಂತ ಅಮ್ಮ ಕೇಳ್ತಾರೆ. ನಾನು ಕಲಿತದ್ದು ಮಗಳಿಗಾಗಿ.

ಕಳೆದ ವರ್ಷ ಅವಳಿಗೆ ಐದು ವರ್ಷ. ಊಟ ಮಾಡುವಾಗ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿತು. ನಾನೇ ಬಿಡಿಸಿ ಕೊಟ್ಟ ಮೀನು. ಒಂದು ಕೈಯಲ್ಲಿ ತಟ್ಟೆ, ಕಣ್ಣು ಫೋನಿನ ಮೇಲೆ, ಆ ವಾರ ಆನ್‌ಕಾಲ್ ಡ್ಯೂಟಿ. ಗಾಬರಿಯಲ್ಲಿ ಅನ್ನದ ಉಂಡೆ ನುಂಗಿಸಿದೆ, ನಮ್ಮ ಅಜ್ಜಿ ಮಾಡುತ್ತಿದ್ದ ಹಾಗೆ. ಮುಳ್ಳು ಹೋಗಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಎರಡು ನಿಮಿಷದಲ್ಲಿ ತೆಗೆದರು, ಆಮೇಲೆ ನನಗೆ ಚೆನ್ನಾಗಿ ಬೈದರು. ಅನ್ನ, ಬಾಳೆಹಣ್ಣು ಅಂತ ನುಂಗಿಸಿದರೆ ಮುಳ್ಳು ಇನ್ನೂ ಆಳಕ್ಕೆ ಚುಚ್ಚಿಕೊಳ್ಳಬಹುದಂತೆ, ಸೀದಾ ಡಾಕ್ಟರ ಹತ್ತಿರ ಹೋಗಬೇಕು. ಮಕ್ಕಳಿರುವವರು ಇದೊಂದು ನೆನಪಿಟ್ಟುಕೊಳ್ಳಿ.

ಅಲ್ಲಿಂದ ಎಂಟು ತಿಂಗಳು ಅವಳು ಮೀನು ಮುಟ್ಟಲಿಲ್ಲ. ಮೀನು ಬೇಡ ಅಂದಿದ್ದರೆ ನನಗೆ ಅಷ್ಟು ಬೇಜಾರಿರಲಿಲ್ಲ. "ಅಪ್ಪ ಬಿಡಿಸಿದ್ದು ಬೇಡ" ಅಂದಳು.

ಹಾಗಾಗಿ ಕಟ್ಲೆಟ್. ಮೊದಲ ಸಲ ಮಾಡಿದಾಗ ಎಣ್ಣೆಗೆ ಬಿಟ್ಟ ಕೂಡಲೇ ಒಡೆದು ಚೂರಾಯಿತು. ಗಟ್ಟಿಯಾಗಲಿ ಅಂತ ಎರಡನೇ ಸಲ ಬ್ರೆಡ್ ಪುಡಿ ಸುರಿದೆ. ಆಕಾರ ನಿಂತಿತು, ಮೀನಿನ ರುಚಿಯೇ ಇರಲಿಲ್ಲ. ತಪ್ಪು ಎಲ್ಲಿದೆ ಅಂತ ಹುಡುಕಿದಾಗ ಗೊತ್ತಾದದ್ದು, ಕಟ್ಲೆಟ್ ಒಡೆಯುವುದು ಹಿಟ್ಟು ಕಡಿಮೆಯಾಗಿ ಅಲ್ಲ, ನೀರು ಹೆಚ್ಚಾಗಿ. ನಾನು ಮೀನನ್ನು ನೀರಿನಲ್ಲಿ ಕುದಿಸಿದ್ದೆ, ಬಟಾಟೆಯನ್ನು ಸಿಪ್ಪೆ ತೆಗೆದು, ಹೆಚ್ಚಿ, ಕುಕ್ಕರಿಗೆ ಹಾಕಿದ್ದೆ. ಎರಡೂ ನೀರು ಕುಡಿದು ಕೂತಿದ್ದವು.

ಈಗ ಮಾಡುವ ಕ್ರಮ ಹೇಳ್ತೇನೆ. ಮುಕ್ಕಾಲು ಕಿಲೋ ಬಂಗುಡೆ. ಇಲ್ಲಿ ಬಾಂಗ್ಡಾ ಅಂತ ಕೇಳಿ. ನಮ್ಮ ಅಂಜಲ್ ಇಲ್ಲಿ ಸುರ್ಮೈ, ಅದರಲ್ಲೂ ಚೆನ್ನಾಗಿ ಆಗುತ್ತದೆ, ಆದರೆ ಆ ಬೆಲೆಗೆ ತಂದದ್ದನ್ನು ಪುಡಿ ಮಾಡಲು ನನಗೂ ಅಮ್ಮನ ಹಾಗೆ ಕೈ ಬರುವುದಿಲ್ಲ. ರೋಹು ಬೇಡವೇ ಬೇಡ. ಅದರ ಮಾಂಸದ ಒಳಗೇ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ, ಎಲ್ಲವನ್ನೂ ಹುಡುಕಿ ಮುಗಿಯುವುದಿಲ್ಲ. ಬಂಗುಡೆಯದ್ದಾದರೆ ನಡುವಿನ ಮುಳ್ಳು ಹಿಡಿದು ಎಳೆದರೆ ಹೆಚ್ಚಿನದು ಅದರ ಜೊತೆಗೇ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಆಗ ಕಿವಿರು ತೆರೆದು ನೋಡಿಯೇ ತನ್ನಿ.

ಅರಿಶಿನ, ಉಪ್ಪು ಸವರಿ ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಪೂರ್ತಿ ತಣಿಯಲಿ. ಬಿಸಿಯಲ್ಲಿ ಬಿಡಿಸಿದರೆ ಮಾಂಸ ಹಿಟ್ಟಾಗುತ್ತದೆ, ಮುಳ್ಳು ಅದರಲ್ಲಿ ಅಡಗುತ್ತದೆ. ಸಿಪ್ಪೆ, ನಡುಮುಳ್ಳು, ಹೊಟ್ಟೆಯ ಹತ್ತಿರದ ಸಾಲು ತೆಗೆಯಿರಿ. ಆಮೇಲೆ ಕಪ್ಪು ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೆರಳ ತುದಿಯಲ್ಲಿ ಒತ್ತಿ ಒತ್ತಿ ನೋಡಿ. ಕಣ್ಣಿಗಿಂತ ಬೆರಳು ಚುರುಕು. ಸ್ಪೂನ್ ಬೇಡ, ಮಿಕ್ಸಿ ಅಂತೂ ಖಂಡಿತ ಬೇಡ.

ಬಟಾಟೆ ಎರಡು, ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿದ್ದು. ಅಳತೆಗೆ ಮೀನು ಎರಡು ಪಾಲು, ಬಟಾಟೆ ಒಂದು ಪಾಲು. ತೆಂಗಿನೆಣ್ಣೆಯಲ್ಲಿ ನೀರುಳ್ಳಿ, ಶುಂಠಿ, ಹಸಿಮೆಣಸು, ಕರಿಬೇವು ಹುರಿದು, ಮೀನು ಹಾಕಿ ಹಸಿ ಆರುವವರೆಗೆ ಕೈಯಾಡಿಸಿ. ಕಾಳುಮೆಣಸಿನ ಪುಡಿ, ಕೊತ್ತಂಬರಿ ಸೊಪ್ಪು. ತಣಿದ ಮೇಲೆ ಬಟಾಟೆ ಸೇರಿಸಿ, ಅರ್ಧ ಇಂಚು ದಪ್ಪಕ್ಕೆ ತಟ್ಟಿ, ಅರ್ಧ ಗಂಟೆ ಫ್ರಿಜ್. ನಂತರ ಮೊಟ್ಟೆಯಲ್ಲಿ ಅದ್ದಿ ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಕಾಯಿಸುವುದು, ಒಂದೊಂದು ಬದಿ ಮೂರು ನಿಮಿಷ. ಒಳಗಿನದ್ದೆಲ್ಲ ಮೊದಲೇ ಬೆಂದಿರುತ್ತದೆ, ಹೊರಗೆ ಗರಿಗರಿಯಾದರೆ ಮುಗಿಯಿತು.

ಜೊತೆಗೆ ಏನು ಅಂತ ಬಹಳ ಜನ ಕೇಳ್ತಾರೆ. ಕೆಚಪ್ ಮಾತ್ರ ಬೇಡ. ಬಂಗುಡೆಗೆ ಅದರದ್ದೇ ಜಿಡ್ಡಿದೆ, ಅದಕ್ಕೆ ಬೇಕಾದದ್ದು ಹುಳಿ, ಸಿಹಿ ಅಲ್ಲ. ನೀರುಳ್ಳಿ, ಸೌತೆಕಾಯಿ ತೆಳ್ಳಗೆ ಹೆಚ್ಚಿ ಲಿಂಬೆರಸ ಹಿಂಡಿ ಸಾಕು. ಮಧ್ಯಾಹ್ನದ ಊಟಕ್ಕಾದರೆ ಅನ್ನ, ದಾಳಿತೋವೆ. ಮೀನು ಸಾರು ಮಾಡಬೇಡಿ, ಅದರ ಎದುರು ಕಟ್ಲೆಟ್ ಬಡಪಾಯಿ ಆಗುತ್ತದೆ. ರಾತ್ರಿಗೆ ನನ್ನ ಆಯ್ಕೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಮೆತ್ತಗಿನ ಗಂಜಿಗೆ ಗರಿಗರಿ ಅಂಚು, ಬೇರೆ ಏನೂ ಬೇಡ. ಪುನರ್ಪುಳಿ ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಆಮಸೂಲ್ ಅಂತ ಸಿಗುತ್ತದೆ, ನೆನೆಸಿ ಕಿವುಚಿ ಜೀರಿಗೆ ಒಗ್ಗರಣೆ ಕೊಡಿ. ಸ್ನೇಹಿತರು ಬಂದರೆ ಪಾವ್, ಪುದೀನಾ ಚಟ್ನಿ. ಪುಣೆಯಲ್ಲಿದ್ದು ಪಾವ್ ಬಿಟ್ಟರೆ ಹೇಗೆ?

ಮಗಳ ವಿಷಯ. ಮೂರನೇ ಸಲ ಮಾಡುವಾಗ ಬಾಗಿಲ ಹತ್ತಿರ ನಿಂತು ಕೇಳಿದಳು, "ಇದರಲ್ಲಿ ಮುಳ್ಳಿಲ್ವಾ?" ಇಲ್ಲ ಅನ್ನುವುದು ಸುಲಭವಿತ್ತು. ಕಳೆದ ಸಲವೂ ನಾನು ಅದನ್ನೇ ಹೇಳಿದ್ದೆ. "ಎರಡು ಸಲ ನೋಡಿದೆ ಮಗಾ, ಸಿಗಲಿಲ್ಲ. ನೀನೂ ನೋಡ್ತೀಯಾ?" ಅಂದೆ. ಸ್ಟೂಲ್ ಎಳೆದುಕೊಂಡು ಬಂದು ತಟ್ಟೆಗೆ ಬೆರಳು ಹಾಕಿದಳು. ಹತ್ತು ನಿಮಿಷದಲ್ಲಿ ಒಂದು ಹಿಡಿದಳು, ಕೂದಲೆಳೆಯಷ್ಟು ತೆಳ್ಳಗಿನದು, ನನ್ನ ಕೈ ತಪ್ಪಿಸಿಕೊಂಡದ್ದು. ನನ್ನ ಮುಖ ಸಪ್ಪಗಾಯಿತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ವಾಟಿಯ ಅಂಚಿಗೆ ಇಟ್ಟು, ಮತ್ತೆ ಹುಡುಕಲು ಕೂತಳು. ಆ ರಾತ್ರಿ ಅರ್ಧ ಕಟ್ಲೆಟ್ ತಿಂದಳು, ಗಂಜಿಯ ಜೊತೆ, ನಿಧಾನವಾಗಿ.

ಈಗ ಭಾನುವಾರದ ಆ ಕೆಲಸ ಅವಳದ್ದೇ. ನನ್ನ ಫೋನ್ ಆ ಹೊತ್ತಿಗೆ ಬೇರೆ ರೂಮಿನಲ್ಲಿರಬೇಕು, ಅದೂ ಅವಳದ್ದೇ ರೂಲ್. ಹೋದ ವಾರ ಎರಡು ಸಿಕ್ಕಿತು.