ನಮ್ಮೂರಿನ ಮಾತು, ನಮ್ಮದೇ ಬರಹ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆ ವಿದ್ಯಾರ್ಥಿ ಸಂಘವು ಏರ್ಪಡಿಸಿದ್ದ ಬರವಣಿಗೆ ಕಮ್ಮಟದಲ್ಲಿ, ಹೊಸದಾಗಿ ಬ್ಲಾಗ್ ಬರೆಯುವವರಿಗಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಬ್ಲಾಗ್ ಆರಂಭಿಸುವುದು ಹೇಗೆ ಎಂದು ತಿಳಿಸಿಕೊಡಬೇಕೆಂದು ಸಂಘದವರು ಹೇಳಿದ್ದಾರೆ. ಬ್ಲಾಗ್ ತೆರೆಯುವುದು ಕಷ್ಟದ ಕೆಲಸವಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆಯುವುದಕ್ಕಿಂತ ಸುಲಭ. ತೆರೆದ ಮೇಲೆ ಏನು ಬರೆಯುವುದು ಎಂಬಲ್ಲಿ ಹೆಚ್ಚಿನವರು ನಿಂತುಬಿಡುತ್ತಾರೆ. ಆದ್ದರಿಂದ ಮೊದಲು ಯಾಕೆ ಬರೆಯಬೇಕು, ಏನು ಬರೆಯಬೇಕು ಎಂಬುದನ್ನು ನೋಡೋಣ. ಹೇಗೆ ಎಂಬುದು ಆಮೇಲೆ.

ಬ್ಲಾಗ್ ಎಂದರೆ ಅಂತರ್ಜಾಲದಲ್ಲಿ ನಮ್ಮ ಹೆಸರಿನಲ್ಲಿರುವ ಒಂದು ದಿನಚರಿ. ಹೊಸ ಬರಹ ಮೇಲೆ, ಹಳೆಯ ಬರಹ ಕೆಳಗೆ. ಪ್ರತಿಯೊಂದಕ್ಕೂ ದಿನಾಂಕ ತಾನಾಗಿಯೇ ಬೀಳುತ್ತದೆ. ‘ಬ್ಲಾಗರ್’ ಎಂಬ ಸೇವೆ 1999ರಲ್ಲಿ ಆರಂಭವಾಯಿತು. 2003ರಿಂದ ಅದು ಗೂಗಲ್‌ನವರ ಕೈಯಲ್ಲಿದೆ. ಅದರಲ್ಲಿ ಬರೆಯುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ನೀವು ಕೇಳಬಹುದು, ವಾಟ್ಸಾಪ್ ಇರುವಾಗ ಇದೆಲ್ಲ ಯಾಕೆ ಎಂದು. ನಮ್ಮ ಊರಿನ ಗ್ರೂಪುಗಳಲ್ಲಿ ಎಷ್ಟೋ ಒಳ್ಳೆಯ ವಿಷಯಗಳು ಬರುತ್ತವೆ. ಯಾರದೋ ತೋಟದಲ್ಲಿ ಎಲೆಚುಕ್ಕಿ ರೋಗ ಹೇಗೆ ಹಬ್ಬಿತು, ಯಾವ ಕೆರೆಯಲ್ಲಿ ಎಷ್ಟು ನೀರಿದೆ, ಹಿಂದೆ ಜಾತ್ರೆಗೆ ಜನ ಹೇಗೆ ಹೋಗುತ್ತಿದ್ದರು. ಆದರೆ ಇವತ್ತು ಬಂದದ್ದು ನಾಳೆ ನೂರು ‘ಶುಭೋದಯ’ಗಳ ಅಡಿಯಲ್ಲಿ ಹೂತುಹೋಗುತ್ತದೆ. ಫೋನ್ ಬದಲಾಯಿಸಿದರೆ ಅದೂ ಇಲ್ಲ. ಗ್ರೂಪಿನ ಹೊರಗಿನವರಿಗೆ ಅದು ಸಿಗುವುದೇ ಇಲ್ಲ. ಬ್ಲಾಗಿನಲ್ಲಿ ಬರೆದದ್ದು ಹತ್ತು ವರ್ಷ ಕಳೆದು ಯಾರೋ ಹುಡುಕಿದರೂ ಸಿಗುವ ಸಾಧ್ಯತೆ ಇದೆ. ಹುಡುಕುವವರು ನಮ್ಮ ಮೊಮ್ಮಕ್ಕಳೇ ಆಗಿರಬಹುದು.

ನಮ್ಮ ವಿಷಯವನ್ನು ನಾವು ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1837ರಲ್ಲಿ ಸುಳ್ಯದ ಕಡೆಯ ರೈತರು ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಇಂಗ್ಲಿಷರ ವಿರುದ್ಧ ಎದ್ದರು. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಮಂಗಳೂರಿನ ತನಕ ಹೋಗಿ ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ಇಷ್ಟು ದೊಡ್ಡ ಸಂಗತಿಗೆ ಬಹುಕಾಲ ಉಳಿದ ಹೆಸರು ಯಾವುದು? ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಲೂಟಿ, ದಾಂಧಲೆ. ಆ ರೈತರು ತಮ್ಮ ಕಥೆಯನ್ನು ತಾವು ಬರೆದಿಡಲಿಲ್ಲ. ದಾಖಲೆ, ಕಾಗದಪತ್ರ ಎಲ್ಲ ಆಳುವವರ ಕೈಯಲ್ಲಿತ್ತು. ‘ಅಮರ ಸುಳ್ಯದ ಸಮರ’ ಎಂಬ ಮರ್ಯಾದೆಯ ಹೆಸರು ಎಲ್ಲರ ಬಾಯಿಗೆ ಬರಲು ಎಷ್ಟೋ ತಲೆಮಾರು ಕಾಯಬೇಕಾಯಿತು.

“ಬರೆಯುವುದಕ್ಕೆ ನಾವೇನು ಸಾಹಿತಿಗಳಾ?” ಎಂದು ಕೆಲವರಿಗೆ ಅನ್ನಿಸಬಹುದು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಇದ್ದರು, ನಿಜ. ಆದರೆ ಸಾಹಿತಿಗಳಲ್ಲದವರು ಬರೆದು ತೋರಿಸಿದ್ದೂ ಪುತ್ತೂರಿನಲ್ಲಿಯೇ. 1988ರಲ್ಲಿ ಇಲ್ಲಿ ‘ಅಡಿಕೆ ಪತ್ರಿಕೆ’ ಆರಂಭವಾಯಿತು. ಶ್ರೀ ಪಡ್ರೆಯವರು ಮತ್ತು ಅವರ ಜೊತೆಗಿದ್ದ ಕೃಷಿಕರು ಒಂದು ಸರಳವಾದ ಮಾತು ಹಿಡಿದರು: ಕೃಷಿಯ ಬಗ್ಗೆ ಕೃಷಿಕನೇ ಬರೆಯಲಿ. ಅದಕ್ಕಾಗಿ ‘ಕೃಷಿಕರ ಕೈಗೆ ಲೇಖನಿ’ ಎಂಬ ಶಿಬಿರಗಳನ್ನೇ ನಡೆಸಿದರು. ಶಾಲೆ ಬಿಟ್ಟ ಮೇಲೆ ಕಾಗದ ಬರೆಯುವುದಕ್ಕೆ ಬಿಟ್ಟು ಪೆನ್ನು ಹಿಡಿಯದಿದ್ದವರು ಲೇಖನ ಬರೆದರು. ಭಾಷೆಯ ಚಂದ ನೋಡಲು ಯಾರೂ ಅದನ್ನು ಓದಲಿಲ್ಲ. ಬರೆದವನು ಸ್ವತಃ ಮಾಡಿದ್ದಾನೆ, ತೋಟಕ್ಕೆ ಹೋಗಿ ನೋಡಬಹುದು ಎಂಬ ನಂಬಿಕೆಯಿಂದ ಓದಿದರು. ಬ್ಲಾಗಿಗೂ ಇಷ್ಟೇ ಬಂಡವಾಳ ಸಾಕು.

ಕಂಡದ್ದನ್ನು ಬರೆಯುವುದರ ಬೆಲೆ ಎಷ್ಟು ಎಂಬುದಕ್ಕೆ ಇನ್ನೊಂದು ಉದಾಹರಣೆ ನಮಗೆಲ್ಲ ಗೊತ್ತಿರುವ ದುಃಖದ ಕಥೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ, ಕಾಸರಗೋಡಿನ ಪಡ್ರೆ ಗ್ರಾಮದಲ್ಲಿ ಕರುಗಳು ಸೊಟ್ಟ ಕಾಲಿನೊಂದಿಗೆ ಹುಟ್ಟುತ್ತಿದ್ದವು. ಇದೇ ಶ್ರೀ ಪಡ್ರೆಯವರು ಅದನ್ನು ಬರೆದರು. ಅದೇ ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಾಣುತ್ತಿದ್ದ ವಿಚಿತ್ರ ಕಾಯಿಲೆಗಳನ್ನು ದಾಖಲಿಸಿ ಬರೆದರು. ಇಬ್ಬರೂ ತಮ್ಮ ಊರಿನಲ್ಲಿ ಕಂಡದ್ದನ್ನು ಬರೆದವರು. ಜನ ನಂಬಲು, ಸರಕಾರ ಏಳಲು ವರ್ಷಗಟ್ಟಲೆ ಹಿಡಿಯಿತು. ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. ಕೊಕ್ಕಡ, ಕೊಯಿಲದ ಕಡೆಯ ಮನೆಗಳಲ್ಲಿ ಆ ನೋವು ಇನ್ನೂ ಇದೆ. ಮೊದಲು ಕಂಡವರು ‘ನಮಗ್ಯಾಕೆ’ ಎಂದು ಸುಮ್ಮನಿದ್ದಿದ್ದರೆ ಇನ್ನೆಷ್ಟು ವರ್ಷ ಅದು ನಡೆಯುತ್ತಿತ್ತೋ.

ಈಗ, ನೀವು ಏನು ಬರೆಯಬಹುದು? ಒಂದೇ ಸೂತ್ರ ಹೇಳುತ್ತೇನೆ. ನಿಮಗೆ ಗೊತ್ತಿರುವ, ಬೇರೆಯವರಿಗೆ ಅಷ್ಟು ಚೆನ್ನಾಗಿ ಗೊತ್ತಿರಲು ಸಾಧ್ಯವಿಲ್ಲದ ವಿಷಯದಿಂದ ಶುರು ಮಾಡಿ.

ಕೊಳೆರೋಗಕ್ಕೆ ಮದ್ದು ಬಿಡುವುದನ್ನೇ ತೆಗೆದುಕೊಳ್ಳಿ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯಬೇಕು. ಹೊಳೆಯುವ ಚೂರಿಯನ್ನು ಅದ್ದಿ ನೋಡಿದಾಗ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು ಅರ್ಥ. ಇಷ್ಟು ಪುಸ್ತಕದಲ್ಲಿದೆ, ವಿಟ್ಲದ ಸಿಪಿಸಿಆರ್‌ಐಯವರೂ ಹೇಳುತ್ತಾರೆ. ಆದರೆ ನಿಮ್ಮ ತೋಟಕ್ಕೆ ಈ ವರ್ಷ ಯಾವ ತಾರೀಕಿಗೆ ಮದ್ದು ಬಿಟ್ಟಿರಿ, ಬಿಟ್ಟು ಎಷ್ಟು ಗಂಟೆಗೆ ಮಳೆ ಬಂತು, ಮರ ಹತ್ತುವವರು ಸಿಕ್ಕಿದ್ದು ಯಾವಾಗ, ಎರಡನೆಯ ಸಲ ಬಿಡುವಾಗ ಎಷ್ಟು ಕಾಯಿ ಉದುರಿತ್ತು, ಇದು ಯಾವ ಪುಸ್ತಕದಲ್ಲಿಯೂ ಇಲ್ಲ. ಬರೆದರೆ ನೀವೇ ಬರೆಯಬೇಕು.

ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ. ಅಡಿಕೆ ಹೋದ ಮೇಲೆ ಯಾವ ಬೆಳೆ ಹಾಕಿದಿರಿ, ಯಾವುದು ಕೈ ಹಿಡಿಯಿತು, ಯಾವುದು ಕೈಕೊಟ್ಟಿತು? ಆ ಮನೆಗಳವರು ಒಂದೊಂದು ಪುಟ ಬರೆದರೂ, ಈಗಷ್ಟೇ ಮರ ಹಳದಿಯಾಗುತ್ತಿರುವವನಿಗೆ ದಾರಿ ಕಾಣುತ್ತದೆ. ಕೈಕೊಟ್ಟ ಬೆಳೆಯ ಬಗ್ಗೆ ಬರೆದದ್ದು ಕೈ ಹಿಡಿದದ್ದರಷ್ಟೇ ಉಪಕಾರಿ.

ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನವೂ ಬರೆದಿಡುವ ಕೃಷಿಕರು ನಮ್ಮಲ್ಲಿದ್ದಾರೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಈ ಲೆಕ್ಕವನ್ನು ತಿಂಗಳಿಗೊಮ್ಮೆ ಬ್ಲಾಗಿಗೆ ಹಾಕಿದರೆ ಕೆಲವು ವರ್ಷಗಳಲ್ಲಿ ಊರಿಗೊಂದು ಮಳೆಪುಸ್ತಕ ಸಿದ್ಧವಾಗುತ್ತದೆ. ವಿಜ್ಞಾನ ಟೀಚರ್ ಮನಸ್ಸು ಮಾಡಿದರೆ ಒಂಬತ್ತನೆಯ ತರಗತಿಯ ಮಕ್ಕಳೇ ಇದನ್ನು ಮಾಡಬಹುದು.

ಅಡುಗೆಮನೆಯಲ್ಲಿರುವ ಅಮ್ಮಂದಿರು, ಅಜ್ಜಿಯಂದಿರು ಹಿಂದೆ ಉಳಿಯುವುದು ಬೇಡ. ಆಟಿಯಲ್ಲಿ ತಿನ್ನುವ ಸೊಪ್ಪುಗಳೆಷ್ಟು, ತಿಮರೆ ಚಟ್ನಿ ಮಾಡುವುದು ಹೇಗೆ, ಮಾವಿನ ಮಿಡಿ ಉಪ್ಪಿನಲ್ಲಿ ಎಷ್ಟು ದಿನ ಇರಬೇಕು ಎಂದು ಕೇಳಿ ಬರೆದುಕೊಳ್ಳಿ. ಮನೆಯಲ್ಲಿ ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಯಾವ ಮಾತು ಇದೆಯೋ ಆ ಮಾತಿನಲ್ಲಿಯೇ ಬರೆಯಿರಿ. ಕನ್ನಡ ಲಿಪಿ ಎಲ್ಲವನ್ನೂ ಹೊರುತ್ತದೆ. ತುಳು ವಿಕಿಪೀಡಿಯ 2016ರಲ್ಲಿ ಆರಂಭವಾದದ್ದು ಕನ್ನಡ ಲಿಪಿಯಲ್ಲಿಯೇ.

ಇನ್ನು ಹೇಗೆ ಎಂಬ ವಿಷಯ. ಮೊದಲನೆಯದು ಕನ್ನಡದಲ್ಲಿ ಟೈಪ್ ಮಾಡುವುದು. ಕಂಪ್ಯೂಟರಿನಲ್ಲಿ ‘ನುಡಿ’ ಬಳಸುವವರಿಗೆ ಒಂದು ಮಾತು. ಅದರಲ್ಲಿರುವ ಕೀಲಿಮಣೆಯ ವಿನ್ಯಾಸ ಮಾಡಿದವರು ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್. ಅದನ್ನು ಅವರು ದುಡ್ಡಿಗೆ ಮಾರದೆ ಕನ್ನಡಿಗರಿಗೆಲ್ಲ ಬಿಟ್ಟುಕೊಟ್ಟರು. ಟೈಪ್ ಮಾಡುವಾಗ ‘ಯೂನಿಕೋಡ್’ ಎಂಬುದನ್ನು ಆಯ್ಕೆ ಮಾಡಿಕೊಳ್ಳಿ. ಹಳೆಯ ನುಡಿ ಅಕ್ಷರಗಳಲ್ಲಿ ಬರೆದದ್ದನ್ನು ಹಾಗೆಯೇ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ಹುಡುಕಿದರೂ ಸಿಗುವುದಿಲ್ಲ. ಫೋನಿನ ಕನ್ನಡ ಕೀಬೋರ್ಡಿನಲ್ಲಿ ಬರುವುದು ಯೂನಿಕೋಡೇ. ಅಲ್ಲಿ ಈ ತೊಂದರೆ ಇಲ್ಲ. ಬೆರಳು ಓಡದಿದ್ದರೆ ಮೈಕಿನ ಗುರುತು ಒತ್ತಿ ಮಾತಾಡಿ, ಅದೇ ಬರೆದುಕೊಳ್ಳುತ್ತದೆ. ಆದರೆ ನಮ್ಮ ಊರುಗಳ ಹೆಸರನ್ನು ಅದು ಏನೇನೋ ಮಾಡಿಬಿಡುತ್ತದೆ. ಒಮ್ಮೆ ಓದಿ ತಿದ್ದಲೇಬೇಕು.

ಎರಡನೆಯದು ಬ್ಲಾಗ್ ತೆರೆಯುವುದು. ಒಂದು ಜಿಮೇಲ್ ಖಾತೆ ಇದ್ದರೆ ಸಾಕು. ಬ್ಲಾಗರ್‌ಗೆ ಹೋಗಿ, ಬ್ಲಾಗಿಗೊಂದು ಹೆಸರು ಕೊಡಿ. ಹೆಸರು ಕನ್ನಡದಲ್ಲಿರಲಿ. ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಇರಬೇಕು, ಚಿಕ್ಕದಾಗಿರಲಿ, ಫೋನಿನಲ್ಲಿ ಹೇಳಿದರೆ ಇನ್ನೊಬ್ಬರಿಗೆ ಬರೆದುಕೊಳ್ಳಲು ಬರಬೇಕು. ಆಮೇಲೆ ‘ನ್ಯೂ ಪೋಸ್ಟ್’ ಒತ್ತಿ, ತಲೆಬರಹ ಕೊಟ್ಟು, ಬರೆದು, ‘ಪಬ್ಲಿಶ್’ ಒತ್ತಿದರೆ ಮುಗಿಯಿತು. ಬಣ್ಣ, ಅಲಂಕಾರ ಎಂದು ಮೊದಲ ದಿನವೇ ತಲೆ ಕೆಡಿಸಿಕೊಳ್ಳಬೇಡಿ. ಬರಹದ ಕೊಂಡಿಯನ್ನು ಊರಿನ ವಾಟ್ಸಾಪ್ ಗ್ರೂಪಿಗೆ ಕಳುಹಿಸಿ. ಹೀಗೆ ವಾಟ್ಸಾಪೂ ಉಪಯೋಗಕ್ಕೆ ಬಂದಂತಾಯಿತು.

ಮೂರನೆಯದು ಬರೆಯುವ ಕ್ರಮ. ಒಂದು ಬರಹಕ್ಕೆ ಒಂದೇ ವಿಷಯ ಇರಲಿ. ತಲೆಬರಹ ನೋಡಿದರೆ ವಿಷಯ ತಿಳಿಯಬೇಕು. ‘ಮನದ ಮಾತು’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಬತ್ತಿದ ಕೆರೆಯನ್ನು ನಾವು ಹೂಳೆತ್ತಿದ ಲೆಕ್ಕ’ ಎಂದರೆ ಬೇಕಾದವನು ಬಂದು ಓದುತ್ತಾನೆ. ಊರು, ತಾರೀಕು, ಅಳತೆ, ಖರ್ಚು ಬರೆಯಿರಿ. ನೋಡಿದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಬೇರೆಯಾಗಿ ಹೇಳಿ. ಬರೆದ ಮೇಲೆ ಮನೆಯಲ್ಲಿ ಯಾರಿಗಾದರೂ ಜೋರಾಗಿ ಓದಿ ಹೇಳಿ. ಅವರು “ಎಂಥದು?” ಎಂದು ಕೇಳಿದಲ್ಲಿ ತಿದ್ದಿ. ತಿಂಗಳಿಗೆ ಎರಡು ಬರಹ ಸಾಕು, ಆದರೆ ನಿಲ್ಲಿಸಬೇಡಿ.

ಕೆಲವು ಎಚ್ಚರಿಕೆಗಳೂ ಬೇಕು. ಬೇರೆಯವರ ಬರಹ, ಚಿತ್ರ ಕದಿಯಬೇಡಿ. ಮಕ್ಕಳ ಚಿತ್ರವನ್ನು ಹೆತ್ತವರ ಒಪ್ಪಿಗೆ ಇಲ್ಲದೆ ಹಾಕಬೇಡಿ. ನೇಮ, ಕೋಲದ ಚಿತ್ರ ಹಾಕುವ ಮೊದಲು ಅಲ್ಲಿಯ ಹಿರಿಯರನ್ನು, ಕಟ್ಟಿದವರನ್ನು ಕೇಳಿ. ಫೋನ್ ನಂಬರು, ಆಧಾರ್, ಬ್ಯಾಂಕಿನ ವಿವರ ಯಾವತ್ತೂ ಬೇಡ. ಜಾಗದ ತಕರಾರು, ನೆರೆಮನೆಯ ಜಗಳಕ್ಕೆ ಬ್ಲಾಗ್ ಜಾಗವಲ್ಲ. ಅದು ಕೋರ್ಟಿಗೂ ಹೋಗಬಹುದು. ಗ್ರೂಪಿನಲ್ಲಿ ಬಂದ ಔಷಧಿಯನ್ನು ಪರೀಕ್ಷಿಸದೆ ಬರೆಯಬೇಡಿ. ಬರೆದದ್ದರ ಒಂದು ಪ್ರತಿ ಕಂಪ್ಯೂಟರಿನಲ್ಲಿಯೋ ಪುಸ್ತಕದಲ್ಲಿಯೋ ಇರಲಿ. ಅಂತರ್ಜಾಲದ ಅಂಗಡಿಗಳೂ ಒಂದು ದಿನ ಬಾಗಿಲು ಹಾಕುತ್ತವೆ.

ಕೊನೆಗೆ ಒಂದು ಸಲಹೆ. ಈ ಶಾಲೆಗೆ ಐವತ್ತು ತುಂಬಿತು. ಮೊದಲ ಬ್ಯಾಚಿನವರಿಗೆ ಅರವತ್ತು ದಾಟಿದೆ. ಈ ಕಟ್ಟಡಕ್ಕೆ ಕಲ್ಲು ಹೊತ್ತವರು, ಜಾಗ ಕೊಡಿಸಲು ಓಡಾಡಿದವರು, ತೋಡು ದಾಟಿ, ಗುಡ್ಡ ಇಳಿದು ಬಂದು ಕಲಿತವರು, ಮಳೆಗಾಲದಲ್ಲಿ ಮಕ್ಕಳನ್ನು ಪಾಲ ದಾಟಿಸಿದ ಮಾಷ್ಟ್ರುಗಳು, ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತು ಎಲ್ಲಿಯೂ ಬರೆದಿಲ್ಲ. ಸ್ಮರಣ ಸಂಚಿಕೆಯಲ್ಲಿ ಎಲ್ಲರಿಗೂ ಪುಟ ಕೊಡಲು ಆಗದು. ಬ್ಲಾಗಿನಲ್ಲಿ ಪುಟಕ್ಕೆ ಬರ ಇಲ್ಲ. ಶಾಲೆಯ ಹೆಸರಿನಲ್ಲಿ ಒಂದು ಬ್ಲಾಗ್ ತೆರೆಯೋಣ. ಒಂದೇ ಬ್ಲಾಗಿಗೆ ಹಲವರು ಬರೆಯುವ ವ್ಯವಸ್ಥೆ ಬ್ಲಾಗರ್‌ನಲ್ಲಿ ಇದೆ. ಒಬ್ಬರ ಮೇಲೆಯೇ ಎಲ್ಲ ಬೀಳದಂತೆ ಇಬ್ಬರು ಶಿಕ್ಷಕರು, ಇಬ್ಬರು ಹಳೆ ವಿದ್ಯಾರ್ಥಿಗಳು ಅದರ ಜವಾಬ್ದಾರಿ ಹೊರಲಿ. ಹಿರಿಯರು ಹೇಳಲಿ, ಮಕ್ಕಳು ಫೋನಿನಲ್ಲಿ ರೆಕಾರ್ಡ್ ಮಾಡಿ ತರಲಿ, ಬೆಂಗಳೂರು, ಮುಂಬಯಿ, ಗಲ್ಫಿನಲ್ಲಿ ಕೂತ ಹಳೆ ವಿದ್ಯಾರ್ಥಿಗಳು ಕೇಳಿ ಟೈಪ್ ಮಾಡಲಿ. ಊರಿಗೆ ಬರಲಾಗದವರಿಗೂ ಶಾಲೆಯ ಋಣ ತೀರಿಸಲು ಇದೊಂದು ದಾರಿ.

ಈ ಕೆಲಸಕ್ಕೆ ಮುಂದಿನ ಮಹೋತ್ಸವದ ತನಕ ಕಾಯಲು ಸಮಯವಿಲ್ಲ. ಇವತ್ತು ಮನೆಗೆ ಹೋಗಿ ಮನೆಯ ಹಿರಿಯರನ್ನು ಒಂದೇ ಒಂದು ಪ್ರಶ್ನೆ ಕೇಳಿ: “ನೀವು ಶಾಲೆಗೆ ಹೇಗೆ ಹೋಗುತ್ತಿದ್ದಿರಿ?” ಶಾಲೆಗೆ ಹೋಗಲು ಆಗದಿದ್ದವರಾದರೆ, ಯಾಕೆ ಆಗಲಿಲ್ಲ ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆಯಿರಿ, ಕೆಳಗೆ ತಾರೀಕು ಹಾಕಿ. ನಿಮ್ಮ ಮೊದಲ ಬರಹ ಸಿದ್ಧವಾಯಿತು.